ನನಗೆ ಬೊಂಬಾಯಿ ತೋರಿಸಿದವರು

ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಹದಿನೈದು ದಿನ ತಡವಾಗಿ, ಅದೂ ಸೊರಬದ ಬಸ್ಸಿನ ಕಂಡಕ್ಟರ್ ಒಬ್ಬನ ಬಾಯಿಂದ. ಶಿಕಾರಿಪುರದ ನಮ್ಮ ಬಟ್ಟೆ ಅಂಗಡಿಗೆ ಪಂಚೆ ಕೊಳ್ಳಲು ಬಂದಿದ್ದ ಆತ ಅಂಚು ನೋಡುತ್ತ ನೋಡುತ್ತಲೇ ಅಂದ: "ನಿಮ್ಮಲ್ಲಿ ಮೊದ್ಲು ಇದ್ರಲ್ರೀ, ಬೊಂಬಾಯಿಗೆ ಖರೀದಿಗೆ ಹೋಗೋರು, ಅವ್ರು ಹೋಗ್ಬಿಟ್ರಂತೆ." ಹಣದ ಗಲ್ಲೆಯ ಮುಂದೆ ಕೂತಿದ್ದ ನನ್ನ ಸೋದರಮಾವ ತಲೆಯೆತ್ತಿ, "ಹೌದಾ? ಪಾಪ, ಒಳ್ಳೆ ಮನುಷ್ಯ" ಅಂದರು. ಅಂದು, ಇನ್ನೊಂದು ಪಂಚೆ ತೋರಿಸೆಂದು ನನಗೆ ಕೈಮಾಡಿದರು. ನಾನು ತೋರಿಸಿದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗ ಅವರ ಹೆಸರಿಗೆ ನಾನು ಕೊಟ್ಟ ಬೆಲೆ ಏನೆಂದು ನನಗೆ ಗೊತ್ತಿದೆ. ಈಗ ಅದನ್ನು ಅಚ್ಚಿನಲ್ಲಿ ಹಾಕಿ ದೊಡ್ಡವನಾಗುವ ಮನಸ್ಸಿಲ್ಲ.

ತೊಂಬತ್ತೊಂದರಲ್ಲಿ ಬಿ.ಕಾಂ.ನ ಕೊನೆಯ ವಿಷಯದಲ್ಲಿ ಎರಡನೇ ಸಲ ಫೇಲಾಗಿ ಉಳವಿಯ ಮನೆಯ ಕಟ್ಟೆಯ ಮೇಲೆ ಕೂತಿದ್ದ ನನ್ನನ್ನು ಮಾವ ಅಂಗಡಿಗೆ ಕರೆಸಿಕೊಂಡರು. ಮಾವನಿಗೆ ಗಂಡು ಮಕ್ಕಳಿರಲಿಲ್ಲ. ಅಂಗಡಿ ನನಗೇ ಬರುತ್ತದೆಂದು ಎಲ್ಲರೂ ಆಡಿಕೊಳ್ಳುತ್ತಿದ್ದರು. ಬೊಂಬಾಯಿಗೆ ಖರೀದಿಗೆ ಹೋಗುತ್ತಿದ್ದ ಅವರಿಗೆ ಆಗ ಐವತ್ತು ದಾಟಿತ್ತು. ಸೊರಬದವರು. ವಾರವೆಲ್ಲ ಅಂಗಡಿಯ ಹಿಂದಿನ ಕೋಣೆಯಲ್ಲಿ ಇದ್ದು, ವಾರಕ್ಕೊಮ್ಮೆ ಊರಿಗೆ ಹೋಗಿ ಹೆಂಡತಿ ಮಗಳನ್ನು ನೋಡಿ ಬರುತ್ತಿದ್ದರು. ಹಣೆಗೆ ವಿಭೂತಿ, ಬಿಳಿ ಅಂಗಿ, ಬಿಳಿ ಪಂಚೆ. ಬಟ್ಟೆ ಅಂಗಡಿಯಲ್ಲಿ ಮೂವತ್ತು ವರ್ಷ ದುಡಿದ ಮನುಷ್ಯನ ಮೈಮೇಲೆ ಬಣ್ಣದ ಒಂದು ನೂಲೂ ಇರುತ್ತಿರಲಿಲ್ಲ.

ಗಿರಾಕಿಗಳ ಎದುರು ಅವರು ಏನೇನೂ ಪ್ರಯೋಜನವಿಲ್ಲದವರು. "ಒಗೆದ್ರೆ ಬಣ್ಣ ಬಿಡ್ತೇತೇನ್ರೀ?" ಎಂದು ಹೆಂಗಸರು ಕೇಳಿದರೆ, "ಮೊದಲ ಎರಡು ನೀರಿಗೆ ಬಿಡ್ತದೆ ತಾಯಿ. ಬೇರೆ ಬಟ್ಟೆ ಸಂಗಡ ನೆನೆ ಹಾಕ್ಬೇಡಿ" ಅನ್ನುತ್ತಿದ್ದರು. ಮಾವ ಹಲ್ಲು ಕಡಿಯುತ್ತಿದ್ದರು. "ಈ ಮನುಷ್ಯನ್ನ ಗಿರಾಕಿ ಮುಂದೆ ಕೂರ್ಸಿದ್ರೆ ಅಂಗಡಿ ಬಾಗ್ಲು ಹಾಕಬೇಕಾಕೇತಿ" ಎಂದು ನನಗೆ ಹೇಳುತ್ತಿದ್ದರು. ಆದರೂ ಅವರನ್ನು ಇಟ್ಟುಕೊಂಡಿದ್ದು ಒಂದೇ ಕಾರಣಕ್ಕೆ. ವರ್ಷಕ್ಕೆ ನಾಲ್ಕು ಸಲ ಮುಂಬಯಿಗೆ ಹೋಗಿ, ಸುತ್ತಮುತ್ತಲಿನ ಯಾವ ಅಂಗಡಿಯಲ್ಲೂ ಸಿಗದ ಮಾಲನ್ನು ಅವರು ತರುತ್ತಿದ್ದರು. ಎಲ್ಲಿಂದ, ಯಾರಿಂದ, ಹೇಗೆ ತರುತ್ತಾರೆಂಬುದು ಅವರ ತಲೆಯೊಳಗಿತ್ತು, ಇನ್ನೆಲ್ಲೂ ಇರಲಿಲ್ಲ.

"ಅವ್ರ ಸಂಗಡ ಹೋಗು. ಎಲ್ಲಾ ನೋಡ್ಕಂಡು ಬಾ. ಬರಕಂಡು ಬಾ" ಎಂದು ಮಾವ ನನಗೊಂದು ಹೊಸ ನೋಟ್‌ಬುಕ್ ಕೊಟ್ಟು ಕಳಿಸಿದರು. ಯಾಕೆಂದು ನಾನು ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ, ಅರ್ಥವಾಗಿತ್ತು.

ಹುಬ್ಬಳ್ಳಿಯಿಂದ ಹೊರಟ ಬಸ್ಸು ಬೆಳಿಗ್ಗೆ ಮುಂಬಯಿಯ ಸಯನ್ ಮುಟ್ಟುವ ಹೊತ್ತಿಗೆ ಅವರು ಬೇರೆಯೇ ಮನುಷ್ಯನಾಗಿದ್ದರು. ಬಾಟಲಿಯ ನೀರಿನಲ್ಲಿ ಮುಖ ತೊಳೆದು, ವಿಭೂತಿ ಹಚ್ಚಿ, ಚೀಲದಿಂದ ಒಂದು ಕರಿ ಟೋಪಿ ತೆಗೆದು ಹಾಕಿಕೊಂಡರು. ಅಂಗಡಿಯಲ್ಲಿ ನನ್ನನ್ನು "ನೀವು" ಅನ್ನುತ್ತಿದ್ದವರು, ಬಸ್ಸಿಳಿದ ಕೂಡಲೇ, "ಚೀಲ ಎದೆಗೆ ಹಾಕ್ಕಳ, ಮಾರಾಯ. ನನ್ನ ಹಿಂದೇ ಬಾ" ಅಂದರು. ಆ ಊರಿನಲ್ಲಿ ಇದ್ದಷ್ಟು ದಿನವೂ ನಾನು ಅವರಿಗೆ "ನೀನು" ಆಗಿದ್ದೆ. ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಮತ್ತೆ "ನೀವು."

ಖರೀದಿಗೆ ಹೋಗುತ್ತೇವೆಂದು ನಾನು ತಿಳಿದಿದ್ದೆ. ಅವರು ನೇರ ಮಾಟುಂಗಾಕ್ಕೆ ಕರೆದುಕೊಂಡು ಹೋಗಿ ಇಡ್ಲಿಯ ಮುಂದೆ ಕೂರಿಸಿದರು.

"ಅಣ್ಣಾರೆ, ಮಾರ್ಕೆಟ್ ತೆರೆದಿರ್ತದಲ್ಲ" ಅಂದೆ.

"ತೆರೀಲಿ. ಹಸ್ಕಂಡು ಹೋಗಿ ಸೇಠರ ಗಾದಿ ಮೇಲೆ ಕೂರಬಾರ್ದು. ಹೊಟ್ಟೆ ಅವಸರ ಮಾಡ್ತದೆ. ಅವಸರದಾಗೆ ಕೈಗೆ ಬಟ್ಟೆ ಗೊತ್ತಾಗಲ್ಲ."

ಕಾಫಿ ಕುಡಿದು ಹೊರಗೆ ಬಂದು ಅಲ್ಲಿನ ತರಕಾರಿ ಸಂತೆಯ ಬದಿಗೆ ನಿಂತರು. ಬಾಳೆಲೆ, ಕರಿಬೇವು, ಮಲ್ಲಿಗೆ ಕೊಳ್ಳಲು ದಕ್ಷಿಣದ ಹೆಂಗಸರೆಲ್ಲ ಬರುವ ಜಾಗ ಅದು. ನಾನು ಬಾಳೆಲೆ ನೋಡುತ್ತಿದ್ದೆ. ಅವರು ಸೀರೆಗಳನ್ನು ನೋಡುತ್ತಿದ್ದರು. "ಇವ್ರು ಇವತ್ತು ಉಟ್ಟಿದ್ದು ಇನ್ನೆರಡು ವರ್ಷಕ್ಕೆ ಶಿವಮೊಗ್ಗಕ್ಕೆ ಬರ್ತದೆ. ಮೂರನೇ ವರ್ಷ ನಮ್ಮೂರಿಗೆ. ಅಲ್ಲೀತನಕ ಕಾಯಬೇಕೋ, ಈಗ್ಲೇ ಒಯ್ಯಬೇಕೋ ಅನ್ನೋದೇ ಖರೀದಿ." ಅಷ್ಟು ಹೇಳಿ ಒಂದು ಮೊಳ ಮಲ್ಲಿಗೆ ಕೊಂಡರು. ಯಾರಿಗೆಂದು ನನಗೆ ತಿಳಿಯಲಿಲ್ಲ. ಮಧ್ಯಾಹ್ನ ಜವಳಿ ಮಾರ್ಕೆಟ್ಟಿನ ಮೆಟ್ಟಿಲಲ್ಲಿ ಕಸ ಗುಡಿಸುತ್ತಿದ್ದ ಒಬ್ಬ ಮುದುಕಿಯ ಕೈಗೆ ಅದನ್ನು ಕೊಟ್ಟರು. ಆಕೆ ಮುಡಿಗಿಟ್ಟುಕೊಂಡು, ಆ ದಿನ ಯಾವ ಗಲ್ಲಿಗೆ ಹೊಸ ಮಾಲಿನ ಬೇಲುಗಳು ಇಳಿದಿವೆ ಎಂದು ಮರಾಠಿಯಲ್ಲಿ ಹೇಳಿದಳು.

ಅವರು ಮುಂಬಯಿಯನ್ನು ತಿಳಿದದ್ದೇ ಹೀಗೆ, ತಿನ್ನುತ್ತ ಮತ್ತು ಕೊಳ್ಳುತ್ತ. ಪ್ರತಿಯೊಂದು ಬಡಾವಣೆಗೂ ಅವರ ಲೆಕ್ಕದಲ್ಲಿ ಒಂದು ತಿನಿಸು, ಒಂದು ಹೊತ್ತು ಇತ್ತು. ಭುಲೇಶ್ವರಕ್ಕೆ ಬೆಳಿಗ್ಗೆ ಹತ್ತರೊಳಗೆ ಹೋಗಬೇಕು. ಅಲ್ಲಿ ಬಿಸಿ ಜಿಲೇಬಿ, ಕಡಲೆ ಹಿಟ್ಟಿನ ಗಾಠಿಯಾ, ಕರಿದ ಹಸಿಮೆಣಸಿನಕಾಯಿ. ಜವಳಿ ಅಂಗಡಿಗಳ ಗುಮಾಸ್ತರು ಗಾದಿಗೆ ಹೋಗುವ ಮೊದಲು ನಿಂತು ತಿನ್ನುವ ಜಾಗ. "ಬಾಯಿ ಎಲೆ ಮೇಲಿಡು, ಕಿವಿ ಆ ಕಡೆ ಇಡು" ಎಂದು ನನಗೆ ಮೊಣಕೈಯಿಂದ ತಿವಿದರು. ಗುಜರಾತಿ ನನಗೆ ಬರುತ್ತಿರಲಿಲ್ಲ. ಅವರಿಗೆ ಬರುತ್ತಿತ್ತು. ಯಾವ ಸೇಠನ ಗೋದಾಮಿನಲ್ಲಿ ಯಾವ ಪ್ರಿಂಟು ಹೋಗದೆ ಕೊಳೆಯುತ್ತಿದೆ, ಯಾವ ಬಣ್ಣ ಹೋದ ಸಲದ ಮಾಲಿನಲ್ಲಿ ಕೈಕೊಟ್ಟಿತು, ಎಲ್ಲವೂ ಜಿಲೇಬಿಯ ಜೊತೆಗೆ ಅವರ ಹೊಟ್ಟೆ ಸೇರುತ್ತಿತ್ತು. ಹನ್ನೊಂದು ಗಂಟೆಗೆ ಮಂಗಳದಾಸ್ ಮಾರ್ಕೆಟ್ಟಿನ ಬಿಳಿ ಗಾದಿಯ ಮೇಲೆ ಕೂತಾಗ, ಅವರಿಗೆ ಏನು ಗೊತ್ತಿದೆಯೆಂದು ಎದುರಿಗಿದ್ದವರಿಗೆ ಗೊತ್ತಿರುತ್ತಿರಲಿಲ್ಲ.

ಗಾದಿಯ ಮೇಲೆ ಅವರನ್ನು ನೋಡಬೇಕಿತ್ತು. ಶಿಕಾರಿಪುರದಲ್ಲಿ ಮಾವನ ಕೂಗಿಗೆ ಓಡಿ ಬರುವ ಮನುಷ್ಯನಿಗೆ ಅಲ್ಲಿ ಸೇಠರು ಎದ್ದು ಕೈಮುಗಿಯುತ್ತಿದ್ದರು. "ಆವೋ ಕಾಕಾ" ಎಂದು ದಿಂಬು ಸರಿಸುತ್ತಿದ್ದರು. ಬಟ್ಟೆಯ ತಾನುಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿದ್ದವು. ಅವರು ಹೆಬ್ಬೆರಳನ್ನು ನಾಲಗೆಗೆ ಮುಟ್ಟಿಸಿ, ಬಟ್ಟೆಯನ್ನು ಒಂದು ಸಲ ಉಜ್ಜಿ, ಗಂಜಿ ಎಷ್ಟು ನೂಲು ಎಷ್ಟು ಎಂದು ನೋಡಿ, ಆಮೇಲೆ ಹೇಳುತ್ತಿದ್ದರು: "ಇದು ಉಡುತಡಿಗೆ. ಇದು ನಿಮ್ಮ ಉಳವಿ ಕಡೆಗೆ." ಉಡುತಡಿಯ ಹೆಂಗಸರಿಗೆ ಅಂಚು ದಪ್ಪ ಬೇಕು, ದೂರದಿಂದ ಕಾಣಬೇಕು. ಸೊರಬದ ಕಡೆಯವರಿಗೆ ಸಣ್ಣ ಹೂವು, ತಿಳಿ ಬಣ್ಣ. ಕ್ಯಾಸನೂರಿನ ಹೆಂಗಸರು ದರಗು, ಒಣಗಿದ ಎಲೆ ತರಲು ಕಾಡಿಗೆ ಹೋಗುವವರು, ಅಲ್ಲಿ ಉಣುಗು ಕಚ್ಚಿದರೆ ಮಂಗನ ಕಾಯಿಲೆ, ಜೀವಕ್ಕೇ ಬರುತ್ತದೆ. ಹಾಗಾಗಿ ಅವರ ಕುಬಸಕ್ಕೆ ಒತ್ತಾದ ನೇಯ್ಗೆ, ಮಣಿಕಟ್ಟಿನವರೆಗೆ ತೋಳು ಬರುವಷ್ಟು ಅಗಲದ ಪನ್ನ. ಒಂದು ಅಂಗಡಿಯ ಗುಮಾಸ್ತ ನಾವು ಹೋದ ಕೂಡಲೇ ಒಳಗಿನವರಿಗೆ "ಉಡುತಡಿ ಮಾಲ್ ನಿಕಾಲೋ" ಎಂದು ಕೂಗುತ್ತಿದ್ದ. ಉಡುತಡಿ ಅನ್ನುವುದು ಒಂದು ಊರೆಂದು ಆತನಿಗೆ ಗೊತ್ತಿತ್ತೋ ಇಲ್ಲವೋ.

ಲಾಲ್‌ಬಾಗಿಗೆ ಅವರು ಮಧ್ಯಾಹ್ನದ ಊಟಕ್ಕೆ ಹೋಗುತ್ತಿದ್ದರು. ಗಿರಣಿ ಕೆಲಸಗಾರರ ಖಾನಾವಳಿ. ಜುಣಕ, ಭಾಕರಿ, ಹಸಿ ಈರುಳ್ಳಿ. "ಹೆಸರು ಬೇರೆ, ನಮ್ಮ ರೊಟ್ಟೀನೇ" ಎಂದು ಬೆರಳು ನೆಕ್ಕುತ್ತಿದ್ದರು. ಆಗಲೇ ಅರ್ಧಕ್ಕರ್ಧ ಗಿರಣಿಗಳು ನಿಂತಿದ್ದವು. ಖಾನಾವಳಿಯ ಬೆಂಚುಗಳು ಖಾಲಿ. ಉಳಿದ ಕೆಲಸಗಾರರಲ್ಲಿ ಒಬ್ಬ ಇವರಿಗೆ ಹಳೆಯ ಪರಿಚಯ. ತಾವು ನೇಯುವ ಪಂಚೆಯ ವಿಭಾಗ ಇನ್ನು ಮೂರು ತಿಂಗಳು ನಡೆದರೆ ಹೆಚ್ಚು ಎಂದು ಆತ ಭಾಕರಿ ಮುರಿಯುತ್ತ ಹೇಳಿದ. ಅದೇ ಸಂಜೆ ಇವರು ನಮ್ಮ ಇಡೀ ವರ್ಷಕ್ಕಾಗುವಷ್ಟು ಪಂಚೆಯನ್ನು ಆರಿಸಿ ಕಟ್ಟಿಸಿದರು. ಆ ವರ್ಷ ದಾವಣಗೆರೆಯಲ್ಲೂ ಸಿಗದ ಪಂಚೆ ನಮ್ಮಲ್ಲಿ ಸಿಕ್ಕಿತು. "ನನ್ಗೆ ಮೊದ್ಲೇ ಗೊತ್ತಿತ್ತು" ಎಂದು ಮಾವ ಊರೆಲ್ಲ ಹೇಳಿಕೊಂಡು ಬಂದರು. ಇವರು ಮೂಲೆಯಲ್ಲಿ ಕೂತು ತಾನು ಮಡಿಸುತ್ತಿದ್ದರು. ನಾನು ಮುಖ ನೋಡಿದೆ. ಕೋಪವೇನೂ ಕಾಣಲಿಲ್ಲ. "ಆ ಮನುಷ್ಯನಿಗೆ ಈಗ ಕೆಲಸ ಹೋಗಿರ್ತದೆ" ಎಂದಷ್ಟೇ ಅಂದರು.

ಅವರು ತೋರಿಸಿದ್ದನ್ನೆಲ್ಲ ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಮೊದಮೊದಲು ಕದ್ದು. ಒಂದು ದಿನ ಗಿರಗಾಂವಿನಲ್ಲಿ ಸಾಬುದಾಣೆ ವಡೆ ತಿನ್ನುತ್ತಿದ್ದಾಗ ಅವರು ಕೈ ಚಾಚಿ ನೋಟ್‌ಬುಕ್ ತೆಗೆದುಕೊಂಡು ಓದಿದರು. ಅವರು ಬೆರಳಿಟ್ಟು ತೋರಿಸಿ, "ಇಲ್ಲಿ ಬಲಕ್ಕೆ ಅಂತ ಬರ್ದಿದ್ದೀಯ. ಬಲಕ್ಕೆ ಹೋದ್ರೆ ಪಾತ್ರೆ ಬಜಾರು ಸಿಗ್ತದೆ. ಎಡಕ್ಕೆ ಅಂತ ತಿದ್ದು" ಅಂದರು. ನಾನು ತಿದ್ದಿದೆ. "ತಿಂಡಿ ಅಂಗಡೀನೂ ಬರಿ" ಅಂದರು. ತಿಂಡಿ ಅಂಗಡಿಗಳನ್ನು ನಾನು ಬರೆದಿರಲಿಲ್ಲ. ಅದನ್ನೆಲ್ಲ ಬರೆದರೆ ಮಾವ ನಗುತ್ತಾರೆಂದು ಬಿಟ್ಟಿದ್ದೆ. "ಬರೀತೀನಿ" ಎಂದೆ. ಬರೆಯಲಿಲ್ಲ.

ಆ ನೋಟ್‌ಬುಕ್ ಯಾತಕ್ಕೆಂದು ಅವರಿಗೆ ಗೊತ್ತಿತ್ತೇ? ಗೊತ್ತಿರಲಿಲ್ಲವೆಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ತೇವದ ಹೆಬ್ಬೆರಳು ಒಂದು ಸಲ ಮುಟ್ಟಿದರೆ ಬಟ್ಟೆಯ ಮೋಸ ಕಂಡುಹಿಡಿಯುವವರಿಗೆ ನನ್ನಂಥವನು ಕಾಣದೆ ಹೋಗುತ್ತಿದ್ದನೇ?

ನಲ್ ಬಜಾರಿನ ಹತ್ತಿರ ಲುಂಗಿ, ಟವೆಲು, ಕರವಸ್ತ್ರಗಳ ಒಂದು ಸಣ್ಣ ಅಂಗಡಿ ಇತ್ತು. ಅದರ ಮಾಲೀಕರು ಬಿಳಿ ಗಡ್ಡದ ಒಬ್ಬ ಮುಸಲ್ಮಾನ ಹಿರಿಯರು. ಇಪ್ಪತ್ತು ವರ್ಷಗಳ ಸ್ನೇಹ. ಪ್ರತಿ ಸಲವೂ ಇವರು ಸೊರಬದ ಮನೆಯಿಂದ ಒಂದು ಭರಣಿ ಮಾವಿನ ಮಿಡಿ ಉಪ್ಪಿನಕಾಯಿ ಒಯ್ಯುತ್ತಿದ್ದರು. ಆ ಹಿರಿಯರು ಮಣ್ಣಿನ ಬಟ್ಟಲಲ್ಲಿ ಅಕ್ಕಿ ಹಾಲಿನ ಫಿರ್ನಿ ತರಿಸುತ್ತಿದ್ದರು. ಇಬ್ಬರಿಗೂ ಸಕ್ಕರೆ ಆಗದು. ಇಬ್ಬರೂ ಬೈದುಕೊಳ್ಳುತ್ತಲೇ ಬಟ್ಟಲು ಕೆರೆದು ತಿನ್ನುತ್ತಿದ್ದರು. ಅಲ್ಲಿ ಮಾತ್ರ ಬೇಗ ಎದ್ದು ಹೊರಡುವ ಯೋಚನೆ ಇವರಿಗೆ ಬರುತ್ತಿರಲಿಲ್ಲ.

ತೊಂಬತ್ತೆರಡರ ಗಲಭೆಯಲ್ಲಿ ಮುಂಬಯಿ ಹೊತ್ತಿ ಉರಿದ ಆ ಚಳಿಗಾಲ ಮುಗಿದು ಬೇಸಿಗೆಯಲ್ಲಿ ನಾವು ಹೋದಾಗ ಆ ಅಂಗಡಿಯ ಬಾಗಿಲಿದ್ದ ಜಾಗದಲ್ಲಿ ತಗಡು ಬಡಿದಿತ್ತು. ಮೇಲಿನ ಗೋಡೆ ಕಪ್ಪು. ಇವರು ಭರಣಿ ಹಿಡಿದುಕೊಂಡು ರಸ್ತೆಯಲ್ಲಿ ನಿಂತರು. ಅಕ್ಕಪಕ್ಕದವರನ್ನು ಕೇಳಿದರು. ಕೆಲವರು ಗೊತ್ತಿಲ್ಲ ಅಂದರು. ಒಬ್ಬ ಚಹಾ ಮಾರುವವ ಮಾತ್ರ, ಮುಂಬ್ರಾದಲ್ಲಿ ಮಗಳ ಮನೆಯಲ್ಲಿದ್ದಾರೆಂದು ಹೇಳಿ ಗುರುತು ತಿಳಿಸಿದ.

"ಅಷ್ಟು ದೂರ ಯಾಕೆ ಅಣ್ಣಾರೆ? ಇವತ್ತು ಸೀರೆ ಖರೀದಿ ಇದೆಯಲ್ಲ" ಅಂದೆ.

"ನೀನು ಲಾಡ್ಜಿಗೆ ಹೋಗು ಬೇಕಾದ್ರೆ" ಅಂದರು.

ಹೋಗಲಿಲ್ಲ. ಅವರ ಹಿಂದೆ ಲೋಕಲ್ ಹತ್ತಿದೆ. ಒಂದು ಕೋಣೆಯ ಮನೆ. ಬಾಗಿಲು ತೆರೆದ ಹಿರಿಯರು ನಮ್ಮನ್ನು ನೋಡಿ, ಭರಣಿ ನೋಡಿ, ಒಳಗೆ ಹೋಗಿ ಚಾಪೆ ಹಾಸಿದರು. ಗಡ್ಡ ಬೋಳಿಸಿದ್ದರು. ಆ ಮುಖ ನನಗೆ ಗುರುತೇ ಸಿಗಲಿಲ್ಲ. ಮಗಳು ಚಹಾ, ಖಾರಿ ಬಿಸ್ಕತ್ತು ತಂದಿಟ್ಟಳು. ಇಬ್ಬರು ಮುದುಕರೂ ಬಿಸ್ಕತ್ತನ್ನು ಅದ್ದಿ ಅದ್ದಿ ತಿಂದರು. ಅಂಗಡಿಯ ಬಗ್ಗೆ ಇವರು ಕೇಳಲಿಲ್ಲ, ಅವರು ಹೇಳಲಿಲ್ಲ. ಗೋಡೆಯ ಬದಿಗೆ ಬೆಂಕಿಯಿಂದ ಉಳಿಸಿ ತಂದ ಲುಂಗಿಯ ಗಂಟುಗಳು ಆಳೆತ್ತರಕ್ಕೆ ಇದ್ದವು. ಏಳುವಾಗ ಇವರು ಅದರ ಕಡೆ ನೋಡಿ, "ಇದಿಷ್ಟೂ ನಮ್ಮೂರಿಗೆ ಬೇಕು" ಅಂದರು. ಹೆಬ್ಬೆರಳು ಮುಟ್ಟಿಸದೆ ಅವರು ಬಟ್ಟೆ ಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಶಿಕಾರಿಪುರದಲ್ಲಿ ಗಂಟು ಬಿಚ್ಚಿದಾಗ ಅಂಗಡಿ ತುಂಬ ಹೊಗೆಯ ವಾಸನೆ.

"ಏನೋ ಇದು ವಾಸ್ನಿ? ಎಲ್ಲಿಂದ ತಂದ್ರೋ ಇದನ್ನ?" ಎಂದು ಮಾವ ನನ್ನೊಬ್ಬನನ್ನೇ ಹಿತ್ತಲಿಗೆ ಕರೆದು ಕೇಳಿದರು.

ನನಗೆ ಗೊತ್ತಿಲ್ಲ ಅನ್ನಬಹುದಿತ್ತು. ಬಿಸಿಲಿಗೆ ಹಾಕಿದರೆ ಹೋಗುತ್ತದೆ ಅನ್ನಬಹುದಿತ್ತು. ನಿಜಕ್ಕೂ ಹೋಗುತ್ತಿತ್ತು, ಆಮೇಲೆ ಹೋಯಿತು ಕೂಡ. ಆದರೆ ನಾನು ಎಲ್ಲವನ್ನೂ ಹೇಳಿದೆ. ಮುಂಬ್ರಾಕ್ಕೆ ಹೋದದ್ದು, ಖರೀದಿಯ ಒಂದು ಇಡೀ ದಿನ ಹೋದದ್ದು, ಬಟ್ಟೆ ಮುಟ್ಟಿ ನೋಡದೆ ಕೊಂಡದ್ದು, ಉಪ್ಪಿನಕಾಯಿ. ಕೇಳದೇ ಇದ್ದದ್ದನ್ನೂ ಹೇಳಿದೆ. "ದಿನಕ್ಕೆ ನಾಲ್ಕು ಕಡೆ ತಿಂಡಿ ತಿಂತಾರೆ ಮಾವ, ಅರ್ಧ ದಿನ ಅದ್ರಾಗೇ ಹೋಗ್ತದೆ" ಅಂದೆ. ಮಾವನಿಗೆ ಬೇಕಾಗಿದ್ದದ್ದು ಸಿಕ್ಕಿತು. ನನಗೂ ಬೇಕಾಗಿತ್ತು. ಆ ಗಾದಿಗಳ ಮೇಲೆ ದಿಂಬಿಗೊರಗಿ ಕೂರಲು, "ಆವೋ ಸೇಠ್" ಅನ್ನಿಸಿಕೊಳ್ಳಲು ನನ್ನ ಮನಸ್ಸು ಎರಡು ವರ್ಷದಿಂದ ಹಪಹಪಿಸುತ್ತಿತ್ತು.

ಮಾರನೆಯ ದಿನ ಮಧ್ಯಾಹ್ನ ಅಂಗಡಿಯಲ್ಲಿ ಜನ ಇಲ್ಲದ ಹೊತ್ತು ನೋಡಿ ಮಾವ ಅವರನ್ನು ಕರೆದರು. "ನಿಮ್ಗೂ ವಯಸ್ಸಾತು. ಇನ್ಮೇಲೆ ಬಾಂಬೆಗೆ ನಮ್ಮ ಹುಡುಗ ಹೋಗ್ತಾನ. ನೀವು ಇಲ್ಲೇ ಅಂಗಡ್ಯಾಗೆ ಆರಾಮಾಗಿ ಇರ್ರಿ."

ಅವರು ನನ್ನ ಕಡೆ ತಿರುಗಿ, "ಒಂದು ಮಾತು. ಮಳೆಗಾಲದಾಗೆ ಹೋದ್ರೆ ಮಸೀದಿ ಬಂದರ್ ಕಡೆಯಿಂದ ಬರಬೇಡಿ, ಅಲ್ಲಿ ನೀರು ನಿಲ್ತದೆ. ಮಾಲು ನೆನೀತದೆ" ಅಂದರು. ಅಷ್ಟೇ. ಹೋಗಿ ತಮ್ಮ ಮೂಲೆಯಲ್ಲಿ ಕೂತರು. ಬೈದಿದ್ದರೆ ಒಳ್ಳೆಯದಿತ್ತು.

ನಾನು ಒಬ್ಬನೇ ಹೋಗತೊಡಗಿದೆ. ಮೊದಲ ಸಲ ಎಲ್ಲ ಕಡೆಯೂ ಕೇಳಿದರು: "ಕಾಕಾ ಎಲ್ಲಿ?" ಹುಷಾರಿಲ್ಲ ಎಂದೆ. ಎರಡನೇ ಸಲವೂ ಹುಷಾರಿಲ್ಲ ಎಂದೆ. ಮೂರನೇ ಸಲ ಯಾರೂ ಕೇಳಲಿಲ್ಲ. ನನ್ನನ್ನು ಸೇಠ್ ಎಂದು ಕರೆದರು, ದಿಂಬು ಕೊಟ್ಟರು, ತಂಪು ಪಾನೀಯ ತರಿಸಿದರು. ನಾನು ಭುಲೇಶ್ವರದ ಜಿಲೇಬಿಗೆ ಹೋಗಲಿಲ್ಲ, ಲಾಲ್‌ಬಾಗಿನ ಭಾಕರಿಗೂ ಹೋಗಲಿಲ್ಲ. ನೋಟ್‌ಬುಕ್ ಹಿಡಿದು ಅಂಗಡಿಯಿಂದ ಅಂಗಡಿಗೆ ಓಡಿ, ಅವರು ಐದು ದಿನದಲ್ಲಿ ಮಾಡುತ್ತಿದ್ದದ್ದನ್ನು ಎರಡೇ ದಿನದಲ್ಲಿ ಮುಗಿಸಿದೆ. ಮಾವ ಬೆನ್ನು ತಟ್ಟಿದರು.

ಊರಿಗೆ ಬಂದು ಕಪಾಟಿನಲ್ಲಿ ಮಾಲು ಜೋಡಿಸುವಾಗ ಅವರು ದೂರದಿಂದ ನೋಡುತ್ತಿದ್ದರು. ಒಂದೆರಡು ಸಲ ಬಳಿ ಬಂದು, ತಗ್ಗಿದ ದನಿಯಲ್ಲಿ, "ಮಾಟುಂಗಾದಾಗೆ ಆ ಇಡ್ಲಿ ಹೋಟ್ಲು ಹಂಗೇ ಇದೆಯೇನ್ರೀ?" ಎಂದು ಕೇಳಿದರು. ನಾನು ಹೋಗಿಯೇ ಇರಲಿಲ್ಲ. "ಇದೆ" ಅಂದೆ. "ಚಟ್ನಿಗೆ ಈಗ್ಲೂ ಅಷ್ಟು ಶುಂಠಿ ಹಾಕ್ತಾರಾ?" "ಹಾಕ್ತಾರೆ." ಅವರ ಮುಖ ಅರಳುತ್ತಿತ್ತು. ಇನ್ನೂ ಕೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ನಾನು ಬೇರೆ ಕೆಲಸದ ನೆಪ ಮಾಡಿ ಎದ್ದು ಹೋಗುತ್ತಿದ್ದೆ.

ತೊಂಬತ್ತೈದರಲ್ಲಿ ಅವರ ಮಗಳಿಗೆ ಮದುವೆ ಗೊತ್ತಾಯಿತು. ಹುಡುಗ ಸೊರಬದವನೇ, ಸೊಸೈಟಿಯಲ್ಲಿ ಕೆಲಸ. ಅವರ ಹೆಂಡತಿ ಹಿಂದಿನ ವರ್ಷ ತೀರಿಕೊಂಡಿದ್ದರು. ಎಲ್ಲವನ್ನೂ ಇವರೊಬ್ಬರೇ ನೋಡಬೇಕು. ಒಂದು ಬೆಳಿಗ್ಗೆ ಮಾವನ ಮುಂದೆ ನಿಂತು ಕೇಳಿದರು: "ಈ ಸಲ ಇವ್ರ ಸಂಗಡ ನಾನೂ ಹೋಗ್ಬರ್ಲಾ? ಅಂಗಡಿ ಕೆಲಸಕ್ಕೆ ಅಲ್ಲ. ಮಗಳ ಜವಳಿ ತರಾಣ ಅಂತ."

ಮಾವ ನಕ್ಕರು. "ಇಷ್ಟು ದೊಡ್ಡ ಅಂಗ್ಡಿ ಇಟ್ಕಂಡೀವಿ, ನಿಮ್ಮ ಮಗಳಿಗೆ ಇಲ್ಲಿ ಒಂದು ಸೀರಿ ಇಲ್ಲೇನ್ರೀ? ಕರ್ಕಂಡು ಬರ್ರಿ ಹುಡುಗೀನ."

ಸಂತೆಯ ದಿನ ಮಗಳನ್ನು ಕರೆದುಕೊಂಡು ಬಂದರು. ಅಂಗಡಿ ತುಂಬ ಜನ. ತಾವು ಮೂವತ್ತು ವರ್ಷ ಗುಡಿಸಿ ಹಾಸಿದ ಗಾದಿಯ ಮೇಲೆ ಮೊದಲ ಸಲ ಗಿರಾಕಿಯಾಗಿ ಕೂತರು. ನಾನು ನನ್ನ ಖರೀದಿಯಲ್ಲೇ ಬಹಳ ಮೇಲಿನದೆಂದು ತಿಳಿದಿದ್ದ ಸೀರೆಯನ್ನು ಬಿಚ್ಚಿ ಹಾಸಿದೆ. ಗಿಣಿಹಸಿರು, ಕೆಂಪು ಅಂಚು. ಹುಡುಗಿಗೆ ಕಣ್ಣು ಕೀಳಲಾಗಲಿಲ್ಲ. "ಅಪ್ಪಟ ರೇಷ್ಮೆ" ಅಂದೆ.

ಅವರು ಹೆಬ್ಬೆರಳಿಂದ ಉಜ್ಜಿದರು. ಇನ್ನೊಂದು ಸಲ ಉಜ್ಜಿದರು. ಮಗಳ ಮುಖ ನೋಡಿದರು. ಆಮೇಲೆ ಸೀರೆಯ ಕೊನೆಯಿಂದ ಒಂದೆಳೆ ಎಳೆದು, ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಕಡ್ಡಿ ಗೀರಿದರು. ರೇಷ್ಮೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬಂದು ಬೂದಿಯಾಗಿ ಉದುರಬೇಕು. ಎಳೆ ಕರಗಿ, ಅವರ ಬೆರಳ ತುದಿಯಲ್ಲಿ ಒಂದು ಕರಿಯ ಮಣಿಯಾಗಿ ಗಟ್ಟಿಯಾಯಿತು. ಹುಡುಗಿ ನೋಡಿದಳು. ಸುತ್ತ ಕೂತಿದ್ದ ಹೆಂಗಸರೆಲ್ಲ ನೋಡಿದರು.

"ಬೇರೆ ಕಡೆ ನೋಡಾಣ, ಏಳು ಮಗಾ" ಅಂದರು.

ಮಾವ ಗಲ್ಲೆಯಿಂದ ಎದ್ದು ಬಂದರು. "ಏನ್ರೀ ಇದು? ಸಂತಿ ದಿನ ಅಂಗ್ಡಿ ಮರ್ಯಾದಿ ತೆಗೀತೀರಾ? ಇಷ್ಟು ವರ್ಷ ಅನ್ನ ತಿಂದಿದ್ದು ಮರ್ತು ಹೋತೇನು?"

"ಮರ್ಯಾದೆ ನಾನು ತೆಗೀಲಿಲ್ಲ, ಸಾಹುಕಾರ್ರೆ" ಎಂದು, ಅವರು ನನ್ನ ಕಡೆ ತಿರುಗಿದರು. ಶಿಕಾರಿಪುರದಲ್ಲಿ, ಅಂಗಡಿಯೊಳಗೆ, ಅದೇ ಮೊದಲ ಸಲ ನನ್ನನ್ನು ಏಕವಚನದಲ್ಲಿ ಕೇಳಿದರು: "ಇದನ್ನ ಕೊಂಡ ದಿನ ನೀನು ಎಲ್ಲಿ ತಿಂದೆ, ಮಾರಾಯ?"

ನಾನು ಸೀರೆ ಮಡಿಸತೊಡಗಿದೆ. ಆ ಸೀರೆಗಳನ್ನು ಒಬ್ಬ ದಲಾಲ ನನ್ನ ಲಾಡ್ಜಿನ ಕೋಣೆಗೇ ತಂದು ತೋರಿಸಿದ್ದ. ಮಂಚದ ಮೇಲೆ ಕೂತು, ಕೆಳಗಿನಿಂದ ತರಿಸಿದ ಬ್ರೆಡ್ಡು ಆಮ್ಲೆಟ್ಟು ತಿನ್ನುತ್ತ ನಾನು ಆರಿಸಿದ್ದೆ. ಮನೆಯವರಿಗೆ ಗೊತ್ತಾಗದಂತೆ ಮೊಟ್ಟೆ ತಿನ್ನುವುದೇ ಆಗ ನನಗೆ ಮುಂಬಯಿಯ ದೊಡ್ಡ ಸುಖವಾಗಿತ್ತು.

ಅವರು ಮಗಳ ಕೈ ಹಿಡಿದು ಇಳಿದು ಹೋದರು. ಸಂಜೆ ಬಂದು ಹಿಂದಿನ ಕೋಣೆಯಿಂದ ಟ್ರಂಕು, ಹಾಸಿಗೆ ತೆಗೆದುಕೊಂಡು ಸೊರಬದ ಬಸ್ಸು ಹತ್ತಿದರು. ಯಾರೂ ತಡೆಯಲಿಲ್ಲ. ಮದುವೆಯ ಕರೆಯೋಲೆ ಮಾತ್ರ ಅಂಚೆಯಲ್ಲಿ ಬಂತು. ಮಾವ ಹೋಗಲಿಲ್ಲ. ನನಗೆ ಹೋಗುವ ಮುಖವಿರಲಿಲ್ಲ.

ಆಮೇಲೆ ಅವರು ಸೊರಬದಲ್ಲಿ ಒಬ್ಬ ಟೈಲರಿನ ಅಂಗಡಿಯಲ್ಲಿ ಗುಂಡಿ ಹಾಕುವುದು, ಅಂಚು ಹೊಲಿಯುವುದು ಮಾಡುತ್ತಿದ್ದರಂತೆ. ಉಳವಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಒಂದು ಸಲ ಕಂಡರು. ಕಣ್ಣಿಗೆ ದಪ್ಪ ಕನ್ನಡಕ ಬಂದಿತ್ತು. ಸೂಜಿಯನ್ನು ಬೆಳಕಿಗೆ ಹಿಡಿದು ದಾರ ಪೋಣಿಸಲು ನೋಡುತ್ತಿದ್ದರು. ಒಂದು ಸಲ, ಎರಡು ಸಲ, ಮೂರು ಸಲ. ಬಸ್ಸು ಹತ್ತು ನಿಮಿಷ ನಿಂತಿತ್ತು. ನಾನು ಇಳಿಯಲಿಲ್ಲ.

ನಮ್ಮ ಅಂಗಡಿ ಮುಳುಗಲಿಲ್ಲ. ಹಾಗೆ ಬರೆಯಲು ಸಾಧ್ಯವಾಗಿದ್ದರೆ ಮನಸ್ಸಿಗೆ ಸ್ವಲ್ಪ ಸಮಾಧಾನ ಸಿಗುತ್ತಿತ್ತು. ಅಂಗಡಿ ಚೆನ್ನಾಗಿಯೇ ನಡೆಯಿತು, ಮೇಲೊಂದು ಅಂತಸ್ತೂ ಬಂತು. ಉಡುತಡಿ, ಉಳವಿ, ಕ್ಯಾಸನೂರು, ಎಲ್ಲ ಕಡೆಯ ಹೆಂಗಸರೂ ನಾನು ತಂದದ್ದನ್ನೇ ಕೊಂಡರು. ಬೇರೆ ಸಿಗದಿದ್ದರೆ ಜನ ಸಿಕ್ಕಿದ್ದನ್ನು ಉಡುತ್ತಾರೆ.

ಕಂಡಕ್ಟರ್ ಸುದ್ದಿ ಹೇಳಿದ ಮೂರನೇ ದಿನ ನಾನು ಸೊರಬಕ್ಕೆ ಹೋದೆ. ಮಾವನಿಗೆ ಹೇಳಲಿಲ್ಲ. ಮಗಳ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕೊನೆಯ ಎರಡು ವರ್ಷ ಅವರು ಅಲ್ಲಿಯೇ ಇದ್ದರು. ಮಗಳು ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದಳು. ಬಾಗಿಲಲ್ಲೇ ನಿಲ್ಲಿಸಿ ಬೈಯಬಹುದೆಂದು ಸಿದ್ಧನಾಗಿ ಹೋಗಿದ್ದೆ. ಆಕೆ ಕುರ್ಚಿ ಒರೆಸಿ ಕೊಟ್ಟು, "ಕೂತ್ಕಳ್ಳಿ ಅಣ್ಣ. ಇಷ್ಟು ದೂರ ಬಂದ್ರಲ್ಲ" ಅಂದಳು. ಒಳಗೆ ಹೋಗಿ ಚಹಾಕ್ಕಿಟ್ಟಳು.

ಏನು ಕಾಯಿಲೆಯಾಗಿತ್ತು ಎಂದು ಕೇಳಿದೆ. ಸಕ್ಕರೆ ಕಾಯಿಲೆ, ಕೊನೆಗೆ ಕಣ್ಣು ಪೂರ್ತಿ ಹೋಗಿತ್ತು ಎಂದು ಅಡಿಗೆ ಮನೆಯಿಂದಲೇ ಹೇಳಿದಳು.

ಚಹಾ ಕೈಗೆ ಕೊಟ್ಟು, ಎದುರಿಗೆ ನೆಲದ ಮೇಲೆ ಕೂತು ಕೇಳಿದಳು: "ಅಣ್ಣ, ಅಪ್ಪ ನಿಮ್ಗೆ ಒಂದು ಕಾರ್ಡು ಬರ್ದಿದ್ರು. ಎರಡು ವರ್ಷ ಆತು. ಅದು ನಿಮ್ಗೆ ಬಂತಾ?"

ಬಂದಿತ್ತು. ಅಂಚೆ ಕಾರ್ಡಿನಲ್ಲಿ ಸಾಲುಗಳು ಮೇಲೆ ಕೆಳಗೆ ಆಗಿದ್ದವು. "ಮುಂದಿನ ಸಲ ನೀವು ಹೋಗುವಾಗ ನನ್ನನ್ನು ಒಂದು ಸಲ ಜೊತೆಗೆ ಕರೆದುಕೊಂಡು ಹೋಗುತ್ತೀರಾ? ಖರ್ಚು ನನ್ನದೇ. ನಿಮ್ಮ ಕೆಲಸಕ್ಕೆ ಅಡ್ಡ ಬರುವುದಿಲ್ಲ. ಕಣ್ಣು ಮಂಜಾಗಿದೆ, ಒಬ್ಬನೇ ಹೋಗಲು ಧೈರ್ಯವಿಲ್ಲ. ಪೂರ್ತಿ ಹೋಗುವುದರೊಳಗೆ ಎಲ್ಲ ಕಡೆ ಒಂದೊಂದು ಸಲ ತಿಂದು ಬರುವ ಆಸೆ." ನಾನು ಅದನ್ನು ಎರಡು ಸಲ ಓದಿದೆ. ಅವರನ್ನು ಕರೆದುಕೊಂಡು ಹೋದರೆ ಗಾದಿಗಳ ಮೇಲೆ ಎಲ್ಲರೂ ಎದ್ದು ಅವರಿಗೆ ಕೈಮುಗಿಯುತ್ತಾರೆ, ನಾನು ಬದಿಗೆ ಕೂರಬೇಕಾಗುತ್ತದೆ ಎಂಬ ಯೋಚನೆ ಬಂತು. ಸೀಸನ್ ಮುಗಿಯಲಿ, ಆಮೇಲೆ ಬರೆದರಾಯಿತು ಎಂದುಕೊಂಡೆ. ಸೀಸನ್ ಮುಗಿಯಿತು. ಮುಂದಿನ ಸೀಸನ್ನೂ ಮುಗಿಯಿತು.

"ಇಲ್ಲಮ್ಮ, ಬರ್ಲಿಲ್ಲ" ಅಂದೆ.

ಆಕೆಯ ಮುಖದಲ್ಲಿ ಒಂದು ಬಗೆಯ ನೆಮ್ಮದಿ ಕಾಣಿಸಿತು. "ನಾನೂ ಹಂಗೇ ಅಂದ್ಕಂಡಿದ್ದೆ. ಬಂದಿದ್ರೆ ನೀವು ಕರ್ಕಂಡು ಹೋಗ್ದೆ ಇರ್ತಿರ್ಲಿಲ್ಲ. ಅಪ್ಪನಿಗೂ ಅದನ್ನೇ ಹೇಳ್ತಿದ್ದೆ, ಕಾರ್ಡು ಎಲ್ಲೋ ತಪ್ಪಿ ಹೋಗಿರ್ತದೆ, ಇನ್ನೊಂದು ಬರೀರಿ ಅಂತ."

"ಏನಂತಿದ್ರು?"

"ಬೇಡ ಅಂತಿದ್ರು. ಅವನಿಗೆ ಮುಟ್ಟಿದೆ ಮಗಾ, ಅಂತಿದ್ರು."

ಲೋಟ ಕೆಳಗಿಟ್ಟೆ. ಆಕೆ ಇನ್ನೊಂದು ಸ್ವಲ್ಪ ಹಾಕಲಾ ಎಂದು ಕೇಳಿದಳು.